ಹೊಸ ಲಾನ್‌ನಲ್ಲಿ ಕಳೆ: ಪದೇ ಪದೇ ಕೇಳುವ ಪ್ರಶ್ನೆಗಳು

ಲಾನ್‌ಗೆ ಬೀಜ ಚೆಲ್ಲಿದವರು ಹದಿನೈದನೇ ದಿನಕ್ಕೆ ಸರಿಯಾಗಿ ಫೋನ್ ಮಾಡುತ್ತಾರೆ. "ನಾವು ಹಾಕಿದ್ದು ಹುಲ್ಲು, ಬಂದಿರೋದು ಏನೇನೋ!" ನೆಂಟರು, ಅಕ್ಕಪಕ್ಕದವರು, ಪತ್ರ ಬರೆದವರು ಇಷ್ಟು ವರ್ಷ ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ನನ್ನ ಅನುಭವ ಬೆಂಗಳೂರು, ತುಮಕೂರು, ಮೈಸೂರು ಕಡೆಯ ಮನೆ ಅಂಗಳದ್ದು. ಹುಲ್ಲು ಗರಿಕೆ ಜಾತಿಯದು, ಅಂಗಡಿಯಲ್ಲಿ ಬರ್ಮುಡಾ ಅಂತ ಕೊಡುತ್ತಾರಲ್ಲ, ಅದು. ನರ್ಸರಿಯಿಂದ ಕಾರ್ಪೆಟ್ ಹುಲ್ಲು ತಂದು ಹಾಸಿದವರಿಗೆ ಇದರಲ್ಲಿ ಅರ್ಧ ಮಾತ್ರ ಅನ್ವಯಿಸುತ್ತದೆ.

## ಮೊದಲ ತಿಂಗಳ ಗಾಬರಿ

ಬೀಜ ಹಾಕಿ ಇನ್ನೂ ಹತ್ತು ದಿನ. ಹುಲ್ಲಿಗಿಂತ ಮೊದಲು ಕಳೆನೇ ಬಂದಿದೆ. ಅಂಗಡಿಯವನು ಕಳೆ ಬೀಜ ಕೊಟ್ಬಿಟ್ನಾ?

ಪಾಪ, ಅವನ ತಪ್ಪು ಇರಲಿಕ್ಕಿಲ್ಲ. ಪ್ಯಾಕೆಟ್ಟಿನಲ್ಲಿ ಒಂದೆರಡು ಬೇರೆ ಬೀಜ ಸೇರಿರಬಹುದು, ಆದರೆ ಅಂಗಳ ತುಂಬುವಷ್ಟು ಕಳೆ ಬರುವುದು ಮಣ್ಣಿನಿಂದ ಮತ್ತು ಗೊಬ್ಬರದಿಂದ. ಮಣ್ಣಿನೊಳಗೆ ವರ್ಷಗಟ್ಟಲೆ ಸುಮ್ನೆ ಮಲಗಿದ್ದ ಬೀಜಗಳಿಗೆ ನೀವೇ ಅಗೆದು ಬೆಳಕು ತೋರಿಸಿದಿರಿ, ದಿನಾ ನೀರು ಕೊಟ್ಟಿರಿ. ಎದ್ದು ಬಾರದೆ ಇರುತ್ತವಾ? ಕೀರೆ, ಗೋಣಿ ಸೊಪ್ಪು ಮೂರು ನಾಲ್ಕು ದಿನಕ್ಕೇ ಮೊಳೆಯುತ್ತವೆ. ಗರಿಕೆ ಬೀಜಕ್ಕೆ ಒಂದರಿಂದ ಎರಡು ವಾರ ಬೇಕು, ಚಳಿ ಇದ್ದರೆ ಮೂರು ವಾರವೂ ಆಗುತ್ತದೆ.

ಅನುಮಾನ ಇದ್ದರೆ ಒಂದು ಕೆಲಸ ಮಾಡಿ. ಅದೇ ಮಣ್ಣನ್ನು ಒಂದು ಕುಂಡಕ್ಕೆ ತುಂಬಿ, ಬೀಜ ಹಾಕದೆ ಬರೀ ನೀರು ಹಾಕುತ್ತಾ ಬನ್ನಿ. ಅದರಲ್ಲೂ ಅದೇ ಕಳೆ ಬಂದರೆ ಅಂಗಡಿಯವನ ಜೊತೆ ಜಗಳ ತಪ್ಪಿತು.

ಯಾವುದು ನಮ್ಮ ಹುಲ್ಲು, ಯಾವುದು ಕಳೆ? ನನಗೆ ಎಲ್ಲಾ ಹಸಿರಾಗೇ ಕಾಣುತ್ತೆ.

ನಿಂತು ನೋಡಿದರೆ ಗೊತ್ತಾಗುವುದಿಲ್ಲ. ಕುಕ್ಕರುಗಾಲಲ್ಲಿ ಕೂತು, ಕನ್ನಡಕ ಹಾಕಿಕೊಂಡು ನೋಡಬೇಕು.

ಮೊಳಕೆಯಲ್ಲಿ ಎದುರುಬದುರಾಗಿ ಎರಡು ಎಲೆ ಇದ್ದರೆ ಅದು ಅಗಲ ಎಲೆಯ ಕಳೆ. ನಿಮ್ಮ ಹುಲ್ಲಲ್ಲ, ಖಂಡಿತ. ಸೂಜಿಯ ಹಾಗೆ ಒಂದೇ ಎಲೆ ಮೇಲಕ್ಕೆ ಬಂದಿದ್ದರೆ ಹುಲ್ಲೂ ಇರಬಹುದು, ಜೇಕೂ (ಹುಲ್ಲಿನ ಹಾಗೇ ಕಾಣುವ, ಮಣ್ಣೊಳಗೆ ಗಡ್ಡೆ ಕಟ್ಟುವ ಕಳೆ) ಇರಬಹುದು. ಬುಡವನ್ನು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಉರುಳಿಸಿ. ನಯವಾಗಿ ಉರುಳದೆ ಮೂರು ಅಂಚು ಕೈಗೆ ಸಿಕ್ಕರೆ ಜೇಕು. ಜೇಕಿನ ಎಲೆಗೆ ಎಣ್ಣೆ ಸವರಿದಂಥ ಹೊಳಪು ಬೇರೆ ಇರುತ್ತದೆ.

ಇನ್ನು ಉಳಿದದ್ದು ಹುಲ್ಲಿನೊಳಗೇ ಇರುವ ಕಳೆಹುಲ್ಲು. ಗರಿಕೆಯ ಎಲೆ ತೆಳ್ಳಗೆ, ಗಿಡ್ಡ. ಎಲೆ ಕಾಂಡಕ್ಕೆ ಸೇರುವ ಕಡೆ ಬಿಡಿಸಿ ನೋಡಿದರೆ ಬಿಳಿ ಕೂದಲಿನ ಸಣ್ಣ ಸಾಲು ಕಾಣುತ್ತದೆ. ಮೂರು ವಾರವಾದ ಮೇಲೆ ಕಷ್ಟವೇ ಇಲ್ಲ: ಗರಿಕೆ ನೆಲದ ಮೇಲೆ ಬಳ್ಳಿ ಬಿಟ್ಟು ಗೆಣ್ಣುಗೆಣ್ಣಿಗೆ ಬೇರು ಊರುತ್ತದೆ.

ಬಂದಿರೋ ಕಳೆನೆಲ್ಲ ಈಗಲೇ ಕಿತ್ತುಬಿಡಲಾ?

ಬೇಡ. ನಾನು ನೋಡಿದ ಹಾಳಾದ ಲಾನ್‌ಗಳಲ್ಲಿ ಕಳೆಯಿಂದ ಹಾಳಾದದ್ದಕ್ಕಿಂತ ಕಳೆ ಕೀಳಲು ಹೋಗಿ ಹಾಳಾದದ್ದೇ ಜಾಸ್ತಿ. ಹದಿನೈದು ದಿನದ ಗರಿಕೆ ಸಸಿಗೆ ಬೇರು ಅಂದರೆ ಒಂದು ದಾರದ ಎಳೆ ಅಷ್ಟೇ. ಪಕ್ಕದ ಕೀರೆ ಗಿಡ ಎಳೆದರೆ ಅದರ ಜೊತೆ ಮುದ್ದೆ ಮಣ್ಣು, ಆ ಮಣ್ಣಿನ ಜೊತೆ ಹತ್ತು ಸಸಿ ಎದ್ದು ಬರುತ್ತವೆ. ಮೇಲಿಂದ ನಿಮ್ಮ ಕಾಲು ಊರಿದ ಜಾಗವೂ ಗುಂಡಿ.

ಮೊದಲ ನಾಲ್ಕು ವಾರ ಹುಲ್ಲನ್ನು ಬೆಳೆಸುವುದೇ ಕೆಲಸ. ಎಲೆ ಅಗಲವಾಗಿ ಹರಡಿ ಸಸಿಗೆ ನೆರಳು ಮಾಡುವ ಗಿಡವನ್ನು ಮಾತ್ರ ತೆಗೆಯಿರಿ, ಅದನ್ನೂ ಕೀಳದೆ ಹಳೇ ಕತ್ತರಿಯಲ್ಲಿ ಬುಡಕ್ಕೆ ಕತ್ತರಿಸಿ. ಒಳಗೆ ಹೋಗಲೇಬೇಕಾದರೆ ಅಗಲವಾದ ಹಲಗೆ ಹಾಕಿ ಅದರ ಮೇಲೆ ಕೂರಿ. ಆಮೇಲೆ ಕೀಳುವ ಕಾಲ ಬಂದಾಗ, ಮಳೆ ಬಂದ ಮರುದಿನ, ಗಿಡದ ಎರಡೂ ಪಕ್ಕದ ಮಣ್ಣನ್ನು ಎಡಗೈ ಬೆರಳಲ್ಲಿ ಒತ್ತಿ ಹಿಡಿದು ಬಲಗೈಯಲ್ಲಿ ನಿಧಾನಕ್ಕೆ ಎಳೆಯಿರಿ.

ಗರಿಕೆನೇ ಒಂದು ಕಳೆ ಅಲ್ವಾ? ಅದಕ್ಕೆ ದುಡ್ಡು ಕೊಟ್ಟು ಬೀಜ ತರಬೇಕಾ?

ನಮ್ಮ ದೊಡ್ಡಪ್ಪ ಕೇಳಿದ ಪ್ರಶ್ನೆ ಇದು. ಜೀವನಪೂರ್ತಿ ರಾಗಿ ಹೊಲದಿಂದ ಗರಿಕೆ ಕಿತ್ತವರು. ಅವರು ಹೇಳಿದ್ದೂ ಸರಿಯೇ. ತುಳಿದರೂ, ಕತ್ತರಿಸಿದರೂ, ಒಣಗಿದರೂ ಮತ್ತೆ ಬರುವ ಗುಣ ಹೊಲದಲ್ಲಿ ಶಾಪ, ಅಂಗಳದಲ್ಲಿ ವರ. ಗಣೇಶನ ಹಬ್ಬಕ್ಕೂ ಆಯಿತು. ಆದರೆ ತರಕಾರಿ ಪಾತಿ ಪಕ್ಕದಲ್ಲೇ ಇದ್ದರೆ ನಡುವೆ ಇಟ್ಟಿಗೆ ಹೂತು ಗಡಿ ಮಾಡಿ. ಇಲ್ಲದಿದ್ದರೆ ಎರಡನೇ ವರ್ಷ ಬದನೆ ಪಾತಿಯಲ್ಲಿ ಅದೇ ಕಳೆ.

## ಇದು ಯಾವ ಗಿಡ?

ಮೂರು ಮೂರು ಎಲೆ ಇರೋ ಪುಟ್ಟ ಗಿಡ, ನೆಲ ಹಿಡಿದು ಹರಡ್ತಾ ಇದೆ. ಏನದು?

ಒಂದು ಎಲೆ ಕಚ್ಚಿ ನೋಡಿ ಎನ್ನುತ್ತಿದ್ದೆ, ಆದರೆ ಗೊತ್ತಿಲ್ಲದ ಗಿಡ ಕಚ್ಚುವುದು ಒಳ್ಳೆಯದಲ್ಲ. ಎಲೆಯ ಆಕಾರ ನೋಡಿದರೆ ಸಾಕು. ಪ್ರತಿ ಎಲೆಯೂ ಹೃದಯದ ಆಕಾರದಲ್ಲಿದ್ದು ಐದು ಎಸಳಿನ ಹಳದಿ ಹೂವು ಬಿಟ್ಟರೆ ಅದು ಹುಳಿ ಸೊಪ್ಪು, ಪುಳ್ಳಂಪುರಚಿ ಅಂತಲೂ ಕರೆಯುತ್ತಾರೆ. ಇದರ ಕಾಯಿ ಚಿಕ್ಕ ಬೆಂಡೆಕಾಯಿಯ ಹಾಗೆ ನೆಟ್ಟಗೆ ನಿಂತಿರುತ್ತದೆ. ಬಲಿತ ಮೇಲೆ ಮುಟ್ಟಿದರೆ ಪಟ್ ಅಂತ ಸಿಡಿದು ಬೀಜ ಎರಚುತ್ತದೆ. ಹಾಗಾಗಿ ಕಾಯಿ ಕಟ್ಟುವ ಮೊದಲೇ ಕೀಳಬೇಕು, ಕಾಂಡ ಬೇರೂರಿದ ಕಡೆಯೆಲ್ಲ ಬಿಡಿಸಬೇಕು.

ಎಲೆ ಮೆಂತ್ಯದ ಮರಿಯ ಹಾಗಿದ್ದು, ಹೂವು ನಸು ನೇರಳೆ ಇದ್ದು, ಕಾಯಿ ಬಟ್ಟೆಗೆ ಅಂಟಿಕೊಂಡರೆ ಅದು ಬೇರೆ, ಬೇಳೆಕಾಳಿನ ಜಾತಿಯದು. ಇದು ತನ್ನ ಸಾರಜನಕವನ್ನು ತಾನೇ ಗಾಳಿಯಿಂದ ಮಾಡಿಕೊಳ್ಳುತ್ತದೆ. ಅದಕ್ಕೇ ಸತ್ವ ಇಲ್ಲದ ಮಣ್ಣಿನಲ್ಲಿ ಹುಲ್ಲು ಸೊರಗಿದ್ದಾಗ ಇದು ಮೆರೆಯುತ್ತದೆ. ಇದು ಹೆಚ್ಚಾದರೆ ಹುಲ್ಲಿಗೆ ಗೊಬ್ಬರ ಸಾಲದು ಎಂದರ್ಥ.

ನೆಲಕ್ಕೆ ಅಂಟಿಕೊಂಡಿರೋ ಗಿಡ, ಕಿತ್ತರೆ ಹಾಲು ಬರುತ್ತೆ. ವಿಷನಾ?

ಅಚ್ಚೆ ಗಿಡ. ಎಲೆಯ ಮೇಲೆ ಕೆಂಪು ಛಾಯೆ, ಗೆಣ್ಣಿನಲ್ಲಿ ಗುಂಡುಗುಂಡಾಗಿ ಹೂಗೊಂಚಲು. ಹಾಲು ಕಣ್ಣಿಗೆ ತಾಗಿದರೆ ಉರಿಯುತ್ತದೆ, ಅಷ್ಟು ಎಚ್ಚರ ಸಾಕು. ಒಂದೇ ತಾಯಿಬೇರು ಇರುವುದರಿಂದ ಒದ್ದೆ ಮಣ್ಣಿನಲ್ಲಿ ಸಲೀಸಾಗಿ ಬರುತ್ತದೆ. ಕಳೆಗಳಲ್ಲಿ ಇದು ಸಾಧು.

ಕ್ಯಾರೆಟ್ ಎಲೆ ತರಹ ಇರೋದು ಬಂದಿದೆ. ಹೂವಿನ ಗಿಡ ಇರಬಹುದು ಅಂತ ಬಿಟ್ಟಿದ್ದೀನಿ.

ಬಿಡಬೇಡಿ, ಅದು ಪಾರ್ಥೇನಿಯಂ. ಊರಕಡೆ ಕಾಂಗ್ರೆಸ್ ಗಿಡ ಎನ್ನುತ್ತಾರೆ. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದು 1950ರ ದಶಕದಲ್ಲಿ ಪುಣೆಯಲ್ಲಿ. ಹೊರದೇಶದ ಗೋಧಿಯ ಜೊತೆ ಬಂತು ಎಂದು ಹೇಳುತ್ತಾರೆ. ಒಂದು ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಕೆಲವರಿಗೆ ಚರ್ಮ ಕೆರೆತ, ಕೆಲವರಿಗೆ ಉಬ್ಬಸ. ಬಿಳಿ ಹೂವು ಕಾಣುವ ಮೊದಲೇ, ಕೈಗವಸು ಹಾಕಿಕೊಂಡು, ಬೇರು ಸಮೇತ ತೆಗೆಯಿರಿ. ಎಳೆಯ ಗಿಡ ನೆಲಕ್ಕೆ ಚಪ್ಪಟೆಯಾಗಿ ಚಕ್ರದಂತೆ ಹರಡಿರುವುದರಿಂದ ಹುಲ್ಲು ಕತ್ತರಿಸುವ ಯಂತ್ರ ಅದರ ಮೇಲೆಯೇ ಹಾದುಹೋಗುತ್ತದೆ, ಏನೂ ಆಗುವುದಿಲ್ಲ.

ಮಳೆಗಾಲದಲ್ಲಿ ಇದರ ಎಲೆ ತಿನ್ನುತ್ತಾ ಕೂತ ಪಟ್ಟೆಪಟ್ಟೆಯ ಸಣ್ಣ ದುಂಬಿ ಕಂಡರೆ ಹೊಡೆಯಬೇಡಿ. ಮೆಕ್ಸಿಕೋ ಮೂಲದ ಈ ದುಂಬಿಯನ್ನು ಪಾರ್ಥೇನಿಯಂ ತಿನ್ನಲೆಂದೇ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟಿದ್ದರು. ಹಾಗಂತ ನಿಮ್ಮ ಲಾನ್ ಅದೇ ನೋಡಿಕೊಳ್ಳುತ್ತದೆ ಎಂದು ಕೂರುವ ಹಾಗಿಲ್ಲ.

ಹುಲ್ಲಿನ ಮಧ್ಯೆ ರಾಗಿ ಪೈರು ಬಂದ ಹಾಗಿದೆ. ಹಕ್ಕಿ ಬೀಳಿಸಿದ್ದಾ?

ರಾಗಿಯ ಹತ್ತಿರದ ನೆಂಟ, ಕಾಡು ರಾಗಿ. ಬುಡ ಚಪ್ಪಟೆ, ಬಿಳಿಚು. ತೆನೆ ಕೈಬೆರಳು ಬಿಡಿಸಿದ ಹಾಗೆ. ಬೇರು ಎಷ್ಟು ಗಟ್ಟಿ ಎಂದರೆ ದೊಡ್ಡದಾದ ಮೇಲೆ ಎಳೆದರೆ ನೀವು ಬೀಳುತ್ತೀರಿ, ಅದು ಬರುವುದಿಲ್ಲ. ಚಿಕ್ಕದಿರುವಾಗಲೇ ಕುರ್ಪಿಯಲ್ಲಿ ಎಬ್ಬಿಸಿ. ಜನ ಓಡಾಡಿ ಮಣ್ಣು ಗಟ್ಟಿಯಾದ ಜಾಗದಲ್ಲೇ ಇದು ಬರುವುದು ಜಾಸ್ತಿ. ಗೇಟಿನಿಂದ ಬಾಗಿಲಿಗೆ ಅಡ್ಡದಾರಿ ಹಿಡಿಯುವ ಕೊರಿಯರ್ ಹುಡುಗನ ಹಾದಿಯಲ್ಲಿ ನೋಡಿ, ಸಾಲಾಗಿ ನಿಂತಿರುತ್ತದೆ. ಅಲ್ಲಿ ನಾಲ್ಕು ಕಲ್ಲು ಹಾಕಿಬಿಡುವುದು ಜಾಣತನ.

ಮುಟ್ಟಿದರೆ ಮುನಿ ಮಕ್ಕಳಿಗೆ ಇಷ್ಟ. ಇರಲಿ ಬಿಡಲಾ?

ಬರಿಗಾಲಲ್ಲಿ ಓಡಾಡುವ ಲಾನ್‌ನಲ್ಲಿ ಬೇಡ. ಮುಳ್ಳು ಸಣ್ಣದು, ಚುಚ್ಚುವುದು ಚೆನ್ನಾಗಿ. ಮಕ್ಕಳಿಗೆ ಒಂದು ಕುಂಡದಲ್ಲಿ ಹಾಕಿಕೊಡಿ.

ಕಿತ್ತ ಗೋಣಿ ಸೊಪ್ಪು, ಒಂದೆಲಗ ಅಡುಗೆಗೆ ಆಗುತ್ತಾ?

ಧಾರಾಳವಾಗಿ. ಕೀರೆ, ಗೋಣಿ ಸೊಪ್ಪು, ಹೊನಗೊನ್ನೆ ಸೇರಿದರೆ ಬೆರಕೆ ಸೊಪ್ಪಿನ ಸಾರು; ಒಂದೆಲಗ ಇದ್ದರೆ ಚಟ್ನಿ, ತಂಬುಳಿ. ಷರತ್ತು ಎರಡು: ಆ ಜಾಗಕ್ಕೆ ಯಾವ ಔಷಧಿಯೂ ಬಿದ್ದಿರಬಾರದು, ನಾಯಿ ಬೆಕ್ಕು ಓಡಾಡಿರಬಾರದು. ನಿಮಗೆ ಖಚಿತವಾಗಿ ಗುರುತು ಸಿಗುವ ಸೊಪ್ಪು ಮಾತ್ರ ತನ್ನಿ. ಅಂದಹಾಗೆ ಒಂದೆಲಗ ಚೆನ್ನಾಗಿ ಬಂದಿದೆ ಅಂದರೆ ಅಲ್ಲಿ ನೀರು ನಿಲ್ಲುತ್ತಿದೆ. ಚಟ್ನಿ ತಿಂದು ಇಳಿಜಾರು ಸರಿ ಮಾಡಿ.

## ಕತ್ತರಿ, ನೀರು, ಗೊಬ್ಬರ

ಹುಲ್ಲು ಇನ್ನೂ ತೆಳ್ಳಗಿದೆ. ಕತ್ತರಿಸಿದ್ರೆ ಸಾಯಲ್ವಾ?

ಸಾಯುವುದಿಲ್ಲ. ಕತ್ತರಿಸದೆ ಬಿಟ್ಟರೇ ಕಷ್ಟ. ಹುಲ್ಲು ಆರೇಳು ಸೆಂಟಿಮೀಟರ್ ಎತ್ತರ ಆದಾಗ ಮೊದಲ ಕತ್ತರಿ. ಒಂದು ಸಲಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ. ಆಮೇಲೆ ವಾರಕ್ಕೊಮ್ಮೆ ಕತ್ತರಿಸುತ್ತಾ ಮೂರು ನಾಲ್ಕು ಸೆಂಟಿಮೀಟರ್‌ನಲ್ಲಿ ಇಟ್ಟುಕೊಳ್ಳಿ. ಬ್ಲೇಡು ಹರಿತ ಇರಬೇಕು, ನೆಲ ಒಣಗಿರಬೇಕು. ಮೊಂಡು ಬ್ಲೇಡು ಎಳೆ ಹುಲ್ಲನ್ನು ಕತ್ತರಿಸುವುದಿಲ್ಲ, ಬೇರು ಸಮೇತ ಕೀಳುತ್ತದೆ. ಸಣ್ಣ ಅಂಗಳಕ್ಕೆ ಕೈಕತ್ತರಿಯೇ ಸಾಕು.

ಇದರಲ್ಲಿ ಒಂದು ಮಜಾ ಇದೆ. ಗರಿಕೆ ಅಡ್ಡ ಬೆಳೆಯುವ ಹುಲ್ಲು, ತುದಿ ಕತ್ತರಿಸಿದರೆ ಇನ್ನೂ ಪಕ್ಕಕ್ಕೆ ಕವಲು ಬಿಡುತ್ತದೆ. ಕೀರೆ, ಅಣ್ಣೆ ಸೊಪ್ಪು, ತಗಚೆ ಇವೆಲ್ಲ ನೆಟ್ಟಗೆ ಬೆಳೆಯುವವು. ನಾಲ್ಕೈದು ಸಲ ತಲೆ ಹೋದ ಮೇಲೆ ಅವು ಸೋಲುತ್ತವೆ. ಮೊದಲ ತಿಂಗಳಲ್ಲಿ ನಿಮ್ಮನ್ನು ಹೆದರಿಸಿದ ಕಳೆಯಲ್ಲಿ ಬಹುಪಾಲು ಹೀಗೇ ಹೋಗುತ್ತದೆ, ನೀವು ಬಗ್ಗದೇ.

ದಿನಕ್ಕೆ ಮೂರು ಸಲ ನೀರು ಹಾಕ್ತಾ ಇದ್ದೀನಿ. ಸರಿನಾ?

ಮೊಳಕೆ ಬರುವ ತನಕ ಸರಿ. ಆಗ ಮೇಲಿನ ಮಣ್ಣು ಒಣಗಬಾರದು. ಹುಲ್ಲು ಬಂದ ಮೇಲೂ ಅದನ್ನೇ ಮಾಡಿದರೆ ಹುಳಿ ಸೊಪ್ಪು, ಒಂದೆಲಗ, ಜೇಕು, ಪಾಚಿಗೆ ಹಬ್ಬ. ನಾಲ್ಕನೇ ವಾರದಿಂದ ನಿಧಾನಕ್ಕೆ ಕಡಿಮೆ ಮಾಡಿ, ಎರಡು ಮೂರು ದಿನಕ್ಕೊಮ್ಮೆ, ಆದರೆ ಬೆರಳುದ್ದ ಆಳಕ್ಕೆ ಇಳಿಯುವಷ್ಟು ಕೊಡಿ. ಗರಿಕೆಯ ಬೇರು ನೀರು ಹುಡುಕಿಕೊಂಡು ಕೆಳಗೆ ಹೋಗಲಿ.

ಯೂರಿಯಾ ಹಾಕಿದ್ರೆ ಕಳೆನೂ ಬೆಳೆಯುತ್ತೆ ಅಲ್ವಾ?

ಬೆಳೆಯುತ್ತದೆ. ಆದರೆ ನೀವು ಕತ್ತರಿಸುತ್ತಿದ್ದರೆ ಲಾಭ ಹುಲ್ಲಿಗೇ ಜಾಸ್ತಿ. ನಾಲ್ಕೈದು ವಾರ ಆದ ಮೇಲೆ ಚದರ ಮೀಟರಿಗೆ 5 ಗ್ರಾಂ ಲೆಕ್ಕ. 10 ಅಡಿಗೆ 15 ಅಡಿ ಅಂಗಳ ಸುಮಾರು 14 ಚದರ ಮೀಟರ್, ಅಂದರೆ ಒಟ್ಟು 70 ಗ್ರಾಂ. ನೋಡಲು ಇಷ್ಟೇನಾ ಅನ್ನಿಸುತ್ತದೆ, ಅಷ್ಟೇ. ಮರಳಿನ ಜೊತೆ ಬೆರೆಸಿ, ಎಲೆ ಒಣಗಿದ್ದಾಗ ಎರಚಿ, ತಕ್ಷಣ ನೀರು ಹಾಕಿ. ನೀರು ಹಾಕಲು ಮರೆತರೆ ಹುಲ್ಲು ಸುಟ್ಟು ಕಂದು ಚುಕ್ಕೆ ಬೀಳುತ್ತದೆ.

ಉಪ್ಪು ನೀರು, ವಿನೆಗರ್ ಹಾಕಿದ್ರೆ ಕಳೆ ಹೋಗುತ್ತಂತೆ. ವಿಡಿಯೋ ನೋಡಿದೆ.

ಉಪ್ಪು ಹಾಕಿದರೆ ಕಳೆ ಹೋಗುತ್ತದೆ, ಎಳೆ ಹುಲ್ಲೂ ಹೋಗುತ್ತದೆ, ಮಣ್ಣಿನಲ್ಲಿ ಉಪ್ಪು ಮಾತ್ರ ಉಳಿಯುತ್ತದೆ. ವಿನೆಗರ್ ಮೇಲಿನ ಎಲೆ ಸುಡುತ್ತದೆ, ಬೇರಿಗೆ ಏನೂ ಮಾಡುವುದಿಲ್ಲ. ಕಲ್ಲುಚಪ್ಪಡಿಯ ಸಂದಿನಲ್ಲಿ ಬಂದ ಕಳೆಗೆ ಕುದಿಯುವ ನೀರು ಹುಯ್ಯಿರಿ, ಅಲ್ಲಿ ಅದು ಕೆಲಸ ಮಾಡುತ್ತದೆ. ಲಾನ್ ಒಳಗೆ ಇವು ಯಾವುವೂ ಬೇಡ.

## ಜೇಕು

ಕಿತ್ತಷ್ಟೂ ಬರ್ತಾ ಇದೆ. ಕತ್ತರಿಸಿ ಎರಡು ದಿನಕ್ಕೆ ಹುಲ್ಲಿಗಿಂತ ಎತ್ತರ ನಿಲ್ಲುತ್ತೆ. ಇದಕ್ಕೆ ಮದ್ದೇ ಇಲ್ವಾ?

ಜೇಕು, ತುಂಗೆ, ಕೊನ್ನಾರಿ ಗಡ್ಡೆ, ಎಲ್ಲ ಇದೇ. ಗ್ರಂಥಿಗೆ ಅಂಗಡಿಯಲ್ಲಿ ಭದ್ರಮುಷ್ಟಿ ಅಂತ ದುಡ್ಡಿಗೆ ಮಾರುವ ಗಡ್ಡೆಯೂ ಇದರದೇ. ಉಳಿದ ಕಳೆಗಳ ಬಗ್ಗೆ ನಾನು ಧೈರ್ಯ ಹೇಳುತ್ತೇನೆ, ಇದರ ಬಗ್ಗೆ ಮಾತ್ರ ಹೇಳುವುದಿಲ್ಲ.

ಒಮ್ಮೆ ಕುರ್ಪಿ ಬಿಟ್ಟು ಸಣ್ಣ ಹಾರೆ ತಗೊಂಡು ಒಂದು ಗಿಡದ ಸುತ್ತ ಗೇಣುದ್ದ ಆಳಕ್ಕೆ ಅಗೆದು, ಮಣ್ಣನ್ನು ಬಕೆಟ್ ನೀರಿನಲ್ಲಿ ತೊಳೆದು ನೋಡಿ. ಎಲೆಯ ಬುಡದಲ್ಲಿ ಒಂದು ಉಬ್ಬು, ಅಲ್ಲಿಂದ ತಂತಿಯಂಥ ಕಪ್ಪು ಎಳೆ, ಅದರ ತುದಿಗೆ ಕಡಲೆಕಾಯಿ ಗಾತ್ರದ ಗಡ್ಡೆ. ಆ ಗಡ್ಡೆಯಿಂದ ಇನ್ನೊಂದು ಎಳೆ, ಇನ್ನೊಂದು ಗಡ್ಡೆ, ಜಪಮಣಿ ಪೋಣಿಸಿದ ಹಾಗೆ. ಮೇಲಿಂದ ಎಳೆದಾಗ ಟಕ್ ಅಂತ ಸದ್ದು ಬಂದು ಎಲೆ ಕೈಗೆ ಬರುತ್ತದಲ್ಲ, ಆ ಎಳೆ ತುಂಡಾದ ಸದ್ದು ಅದು. ಗಡ್ಡೆಗಳೆಲ್ಲ ಒಳಗೇ. ಇಷ್ಟು ನೋಡಿದ ಮೇಲೆ ಯಾಕೆ ಮತ್ತೆ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ.

ಹಾಗಂತ ಕೀಳುವುದು ವ್ಯರ್ಥವಲ್ಲ. ಪ್ರತಿ ಸಲ ಹೊಸ ಎಲೆ ಬಿಡಲು ಗಡ್ಡೆ ತನ್ನ ದಾಸ್ತಾನು ಖರ್ಚು ಮಾಡಬೇಕು. ಎಲೆ ನಾಲ್ಕೈದು ಆಗುವ ಮೊದಲೇ ಕಿತ್ತರೆ ಆ ಖರ್ಚು ಮರಳಿ ಬರುವುದಿಲ್ಲ, ಹೊಸ ಗಡ್ಡೆಯೂ ಕಟ್ಟುವುದಿಲ್ಲ. ಹತ್ತು ಹನ್ನೆರಡು ದಿನಕ್ಕೊಮ್ಮೆ, ತಪ್ಪದೆ. ಒಂದು ತಿಂಗಳು ಊರಿಗೆ ಹೋಗಿಬಂದರೆ ಲೆಕ್ಕ ಮತ್ತೆ ಮೊದಲಿನಿಂದ. ಜೇಕಿಗೆ ನೆರಳು ಆಗುವುದಿಲ್ಲ, ಹಾಗಾಗಿ ಹುಲ್ಲು ದಟ್ಟವಾದಷ್ಟೂ ಅದು ಸೊರಗುತ್ತದೆ. ನಮ್ಮ ಅಂಗಳದಲ್ಲಿ ಎರಡು ಮಳೆಗಾಲ ಬೇಕಾಯಿತು. ಪೂರ್ತಿ ಹೋಗಿದೆ ಅಂತ ಈಗಲೂ ಹೇಳಲಾರೆ.

ಮೊದಲು ಜೇಕು ಇರಲೇ ಇಲ್ಲ. ಎಲ್ಲಿಂದ ಬಂತು?

ನಮ್ಮ ಮನೆಗೆ ಬಂದದ್ದು ಒಂದು ಟ್ರ್ಯಾಕ್ಟರ್ ಕೆಂಪು ಮಣ್ಣಿನಲ್ಲಿ. ಮಾರಿದವರು "ಕೆರೆ ಪಕ್ಕದ ಒಳ್ಳೇ ಮಣ್ಣು" ಅಂದರು, ನಾನು ಜರಡಿ ಹಿಡಿಯದೆ ಹರಡಿದೆ. ಮಣ್ಣು ಇಳಿಸುವಾಗಲೇ ಒಂದು ಹಿಡಿ ಮುರಿದು ನೋಡಿದ್ದರೆ ಕಪ್ಪು ಗಡ್ಡೆ ಕಾಣುತ್ತಿತ್ತು. ನೀವು ನೋಡಿ. ಕೊಟ್ಟಿಗೆ ಗೊಬ್ಬರವಾದರೆ ಕೈ ಹಾಕಿ ನೋಡಿ: ಇನ್ನೂ ಸಗಣಿ ವಾಸನೆ, ಹುಲ್ಲಿನ ತುಂಡು ಇದ್ದರೆ ಕಳೆ ಬೀಜವೂ ಜೀವಂತ ಇರುತ್ತದೆ. ಚೆನ್ನಾಗಿ ಬಿಸಿಯೇರಿ ಕೊಳೆತು ಪುಡಿಯಾದ ಗೊಬ್ಬರ ಮಾತ್ರ ತಗೊಳ್ಳಿ.

## ಔಷಧಿ ಹೊಡೆಯುವ ಮುಂಚೆ

ಅಂಗಡಿಯಲ್ಲಿ 2,4-ಡಿ ಕೊಟ್ರು. ಹುಲ್ಲಿಗೆ ಏನೂ ಆಗಲ್ಲ ಅಂದ್ರು. ಹೊಡೀಲಾ?

ಅಗಲ ಎಲೆ ಕಳೆ ಸಾಯುತ್ತದೆ, ಬಲಿತ ಗರಿಕೆ ತಡೆದುಕೊಳ್ಳುತ್ತದೆ, ನಿಜ. ಆದರೆ 'ಬಲಿತ' ಅನ್ನುವ ಮಾತನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಹುಲ್ಲನ್ನು ಕನಿಷ್ಠ ಮೂರು ನಾಲ್ಕು ಸಲ ಕತ್ತರಿಸುವ ತನಕ ಇದರ ತಂಟೆಗೆ ಹೋಗಬೇಡಿ. ಎಳೆ ಸಸಿ ಸುರುಟಿಕೊಳ್ಳುತ್ತದೆ.

ಇನ್ನೊಂದು ಅಪಾಯ ಗಾಳಿಯದು. ಟೊಮೆಟೊ, ದ್ರಾಕ್ಷಿ, ಹತ್ತಿಗೆ ಇದರ ಹನಿ ಸೋಕಿದರೂ ಸಾಕು. ಈಥೈಲ್ ಎಸ್ಟರ್ ರೂಪದ್ದು ಬಿಸಿಲಿಗೆ ಆವಿಯಾಗಿಯೂ ಹೋಗಿ ತಾಗುತ್ತದೆ. ಗಾಳಿಯೂ ಬೇಕಿಲ್ಲ ಅನ್ನುವುದನ್ನು ನಾನೇ ಕಲಿತೆ: 2,4-ಡಿ ಹೊಡೆದ ಸ್ಪ್ರೇಯರನ್ನು ಒಂದು ಸಲ ನೀರಲ್ಲಿ ತೊಳೆದು, ಅದರಲ್ಲೇ ಟೊಮೆಟೊಗೆ ಬೇವಿನೆಣ್ಣೆ ಹೊಡೆದೆ. ವಾರದಲ್ಲಿ ಎಲೆಗಳೆಲ್ಲ ದಾರದ ಹಾಗೆ ತಿರುಚಿಕೊಂಡವು. ಕಳೆನಾಶಕಕ್ಕೆ ಬೇರೆಯೇ ಸ್ಪ್ರೇಯರ್ ಇಟ್ಟುಕೊಳ್ಳಿ, ಮೇಲೆ ಬಣ್ಣದಲ್ಲಿ ಬರೆದಿಡಿ.

ಕಳೆ ಬೀಜನೇ ಮೊಳೆಯದ ಹಾಗೆ ಮಾಡೋ ಔಷಧಿ ಇದೆಯಂತಲ್ಲ?

ಇದೆ. ಪೆಂಡಿಮೆಥಾಲಿನ್ ಅಂಥದ್ದು. ಆದರೆ ಅದಕ್ಕೆ ಕಳೆ ಬೀಜ ಯಾವುದು, ನಿಮ್ಮ ಬೀಜ ಯಾವುದು ಅನ್ನುವ ಭೇದ ತಿಳಿಯದು. ಬೀಜ ಚೆಲ್ಲಿದ ನೆಲಕ್ಕೆ ಹಾಕಿದರೆ ದುಡ್ಡು ಎರಡೂ ಕಡೆ ಹೋಯಿತು.

ಗ್ಲೈಫೋಸೇಟ್ ಹೊಡೆದು ಎಲ್ಲಾ ಸಾಯಿಸಿ ಬಿಡೋಣ ಅಂತ ಮಾಲಿ ಹೇಳ್ತಿದಾನೆ.

ಅದು ಹುಲ್ಲು, ಕಳೆ ಎಲ್ಲವನ್ನೂ ಸಾಯಿಸುತ್ತದೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಇದನ್ನು ಪರವಾನಗಿ ಇರುವ ಕೀಟ ನಿಯಂತ್ರಣದವರ ಮೂಲಕ ಮಾತ್ರ ಬಳಸಬೇಕೆಂದು ಆದೇಶ ಹೊರಡಿಸಿತು. ಮಾಲಿ ಕೈಯಲ್ಲಿ ಹೊಡೆಸುವ ವಿಷಯವಲ್ಲ. ಪ್ಯಾರಾಕ್ವಾಟ್ ಅನ್ನುವ ಇನ್ನೊಂದು ಕಳೆನಾಶಕದ ಹೆಸರು ಹೇಳಿದರಂತೂ ಬೇಡವೇ ಬೇಡ ಅನ್ನಿ. ಅದು ಹೊಟ್ಟೆಗೆ ಹೋದರೆ ಪ್ರತಿಮದ್ದಿಲ್ಲ. ಮಕ್ಕಳಿರುವ ಮನೆಯ ಷೆಡ್ಡಿನಲ್ಲಿ ಆ ಬಾಟಲಿ ಇರಕೂಡದು.

ಜೇಕಿಗೆ ಹ್ಯಾಲೋಸಲ್ಫ್ಯೂರಾನ್ ಒಳ್ಳೇದು ಅಂತ ಕಬ್ಬು ಬೆಳೆಯೋರು ಹೇಳಿದ್ರು.

ಜೇಕಿನ ಮೇಲೆ ಕೆಲಸ ಮಾಡುವುದು ನಿಜ. ನಮ್ಮಲ್ಲಿ ಅದನ್ನು ಮಾರುವುದು ಕಬ್ಬಿನಂಥ ಬೆಳೆಗೆ, ಎಕರೆಗೆ 36 ಗ್ರಾಂ. ನಿಮ್ಮ 150 ಚದರ ಅಡಿಗೆ ಲೆಕ್ಕ ಹಾಕಿ: 0.12 ಗ್ರಾಂ. ಒಂದು ಗ್ರಾಂನ ಎಂಟನೇ ಒಂದು ಪಾಲು! ಅಡುಗೆಮನೆ ತಕ್ಕಡಿಯಲ್ಲಿ ಅದನ್ನು ತೂಗಲು ಆಗುವುದೇ ಇಲ್ಲ. ಜನ ಒಂದು ಚಮಚ ಹಾಕುತ್ತಾರೆ, ಹುಲ್ಲು ಹಳದಿಯಾಯಿತು ಎಂದು ನನಗೆ ಫೋನ್ ಮಾಡುತ್ತಾರೆ. ಮೈದಾನದಷ್ಟು ದೊಡ್ಡ ಲಾನ್ ಇದ್ದು, ತಿಳಿದವರು ಅಳೆದು ಹೊಡೆಯುವುದಾದರೆ ಯೋಚಿಸಬಹುದು, ಅದೂ ಹುಲ್ಲು ಬಲಿತ ಮೇಲೆ. ಮನೆ ಅಂಗಳಕ್ಕೆ ಕೈಯೇ ಸಾಕು.

ಅಮೆರಿಕದಲ್ಲಿರೋ ಮಗನ ಮನೆ ಲಾನ್‌ಗೂ ಇದೇ ಲೆಕ್ಕನಾ?

ಇಲ್ಲಮ್ಮ, ಅಲ್ಲಿ ಬೇರೆ. ಉತ್ತರದ ಚಳಿ ರಾಜ್ಯಗಳಲ್ಲಿ ಫೆಸ್ಕ್ಯೂ, ಬ್ಲೂಗ್ರಾಸ್ ಅನ್ನುವ ಹುಲ್ಲು ಹಾಕುತ್ತಾರೆ. ಅವಕ್ಕೆ ತಂಪು ಬೇಕು, ಹಾಗಾಗಿ ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ಬೀಜ ಚೆಲ್ಲುವುದು ಒಳ್ಳೆಯದು. ಅಲ್ಲಿ ಕಾಡುವ ಕ್ರ್ಯಾಬ್‌ಗ್ರಾಸ್ ಅನ್ನುವ ಕಳೆಹುಲ್ಲು ಮೊದಲ ಹಿಮಕ್ಕೆ ತಾನೇ ಸಾಯುತ್ತದೆ. ಬೀಜ ಹಾಕುವಾಗಲೇ ಬಳಸಬಹುದಾದ ಮೀಸೋಟ್ರಯೋನ್ ಅನ್ನುವ ಕಳೆನಾಶಕವೂ ಅಲ್ಲಿದೆ. ಅದನ್ನು ಇಲ್ಲಿಗೆ ತರಿಸಬೇಡಿ, ಗರಿಕೆಗೆ ಆಗಿಬರುವುದಿಲ್ಲ.

ಅರ್ಧಕ್ಕಿಂತ ಜಾಸ್ತಿ ಕಳೆನೇ ಇದೆ. ಅಗೆದು ಮತ್ತೆ ಹೊಸದಾಗಿ ಹಾಕಲಾ?

ಎರಡು ತಿಂಗಳು ಆಗಿಲ್ಲದಿದ್ದರೆ ಕಾಯಿರಿ, ಕತ್ತರಿಸುತ್ತಾ ಇರಿ. ಎರಡು ತಿಂಗಳ ಮೇಲೂ ಹೀಗೇ ಇದ್ದು, ಅದರಲ್ಲಿ ಜೇಕೇ ಹೆಚ್ಚಿದ್ದರೆ ಮಾತ್ರ ಅಗೆಯಿರಿ. ಅದಕ್ಕೆ ಒಳ್ಳೇ ಕಾಲ ಮಾರ್ಚ್, ಏಪ್ರಿಲ್. ನೀರು ನಿಲ್ಲಿಸಿ, ಗೇಣುದ್ದ ಅಗೆದು, ಹೆಂಟೆ ಮಗುಚಿ, ಗಡ್ಡೆಗಳನ್ನು ಬಿಸಿಲಿಗೆ ಬಿಡಿ. ವಾರಕ್ಕೊಮ್ಮೆ ಮತ್ತೆ ಮಗುಚಿ. ಬಿಸಿಲಿಗೆ ಒಣಗಿದ ಗಡ್ಡೆ ಮೊಳೆಯುವುದಿಲ್ಲ. ರೈತರು ಮಾಗಿ ಉಳುಮೆ ಮಾಡುವುದರಲ್ಲಿ ಇದೂ ಒಂದು ಲಾಭ. ಜೇಕು ಇಲ್ಲದ, ಬರೀ ಬೀಜದ ಕಳೆ ಇರುವ ಜಾಗವಾದರೆ ಇನ್ನೊಂದು ದಾರಿ ಇದೆ. ಮಣ್ಣು ಒದ್ದೆ ಮಾಡಿ, ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ ಆರು ವಾರ ಬಿಡಿ. ಕಪ್ಪು ಹಾಳೆ ಅಲ್ಲ, ಬಿಸಿಲು ಒಳಗಿಳಿಯಬೇಕು.

ಆಮೇಲೆ ನೆಲ ಮಟ್ಟ ಮಾಡಿ, ಆದರೆ ಬೀಜ ಚೆಲ್ಲಬೇಡಿ. ಸುಮ್ನೆ ನೀರು ಹಾಕಿ ಹತ್ತು ಹದಿನಾಲ್ಕು ದಿನ ಕಾಯಿರಿ. ಬಂದ ಕಳೆಯನ್ನು ಕುರ್ಪಿಯಲ್ಲಿ ಮೇಲ್ಮೇಲೆ ಮಾತ್ರ ಕೆರೆದು ತೆಗೆಯಿರಿ, ಆಳ ಅಗೆದರೆ ಕೆಳಗಿನ ಹೊಸ ಬೀಜ ಮೇಲೆ ಬರುತ್ತದೆ. ಸಾಧ್ಯವಾದರೆ ಇದನ್ನೇ ಎರಡನೇ ಸಲ ಮಾಡಿ. ಮನೆಯವರು "ಖಾಲಿ ನೆಲಕ್ಕೆ ಯಾಕೆ ನೀರು?" ಅಂತ ನಗುತ್ತಾರೆ, ನಗಲಿ. ಜೂನಿನ ಮೊದಲ ಮಳೆಗಳಾದ ಮೇಲೆ ಚದರ ಮೀಟರಿಗೆ 5ರಿಂದ 10 ಗ್ರಾಂ ಬೀಜವನ್ನು ಮರಳಿನ ಜೊತೆ ಬೆರೆಸಿ ಅರ್ಧ ಉದ್ದಕ್ಕೆ, ಅರ್ಧ ಅಡ್ಡಕ್ಕೆ ಚೆಲ್ಲಿ. ತೆಳ್ಳಗೆ ಮಣ್ಣು ಮುಚ್ಚಿ, ಹಲಗೆಯಲ್ಲಿ ಒತ್ತಿ. ಈ ಸಲ ಹದಿನೈದನೇ ದಿನ ಫೋನ್ ಮಾಡುವ ಮುಂಚೆ ಕೂತು ನೋಡಿ, ಬಿಳಿ ಕೂದಲಿನ ಸಾಲು ಇದೆಯಾ ಅಂತ.